ಮನೆ ಕೊಳ್ಳುವ ಮುಂಚೆ ಯಾವ ಬಿರುಕಿಗೆ ಹೆದರಬೇಕು?

ಪ್ರಶ್ನೆ: ಸರ್, ಹದಿನೈದು ವರ್ಷ ಹಳೆಯ ಎರಡಂತಸ್ತಿನ ಮನೆ ಕೊಳ್ಳೋಣ ಅಂತಿದ್ದೇವೆ. ತಪಾಸಣೆ ಮಾಡಿಸಿದೆವು. ವರದಿಯಲ್ಲಿ 40 ದೋಷ ಬರೆದಿದ್ದಾರೆ. ಚಿಲಕ ಸಡಿಲ ಅನ್ನೋದೂ ಅದರಲ್ಲೇ, ಹಾಲ್ ಕಿಟಕಿ ಮೂಲೆಯಿಂದ ಓರೆ ಬಿರುಕು ಅನ್ನೋದೂ ಅದರಲ್ಲೇ. ಬಾತ್‌ರೂಮ್ ಪಕ್ಕದ ಕೋಣೆಯಲ್ಲಿ ಒಂದೇ ಗೋಡೆಗೆ ಹೊಸ ಪೇಂಟ್ ಇದೆ. ಇದರಲ್ಲಿ ದೊಡ್ಡ ಸಮಸ್ಯೆ ಯಾವುದು ಅಂತ ಹೇಗೆ ತಿಳಿಯೋದು?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್): 40 ಅನ್ನೋ ಸಂಖ್ಯೆಗೆ ಗಾಬರಿಯಾಗಬೇಡಿ ಮೇಡಂ. ಚಿಲಕ, ಟೈಲ್ಸ್, ಸೋರುವ ನಲ್ಲಿ ಎಲ್ಲವನ್ನೂ ಪಕ್ಕಕ್ಕಿಡಿ. ಮನೆ ಎಲ್ಲಾದರೂ ಕುಸಿಯುತ್ತಿದೆಯಾ, ನೀರು ಎಲ್ಲಿಂದ ಒಳಗೆ ಬರುತ್ತಿದೆ, ಇವೆರಡನ್ನು ಮೊದಲು ನೋಡಿ.

ಗಾರೆಯ ಮೇಲಿನ ಕೂದಲೆಳೆಯಷ್ಟು ಬಿರುಕು ಸಾಮಾನ್ಯವಾಗಿ ಗಾರೆ ಒಣಗಿ ಕುಗ್ಗಿದ್ದರಿಂದ ಬಂದಿರುತ್ತದೆ. ಓರೆ ಬಿರುಕಿನ ವಿಷಯ ಬೇರೆ. ಅದು ಒಂದು ತುದಿಯಲ್ಲಿ ಸಣ್ಣ, ಇನ್ನೊಂದು ತುದಿಯಲ್ಲಿ ಅಗಲ ಇದೆಯಾ? ಅದೇ ಜಾಗದಲ್ಲಿ ಗೋಡೆಯ ಆಚೆ ಬದಿಯಲ್ಲೂ ಕಾಣುತ್ತಾ? ಹತ್ತಿರದ ಬಾಗಿಲು ಚೌಕಟ್ಟಿಗೆ ತಾಗುತ್ತಾ? ಇವೆಲ್ಲ ಒಟ್ಟಿಗೆ ಇದ್ದರೆ ಪಾಯ ಒಂದು ಕಡೆ ಕುಸಿದಿರಬಹುದು. 5 ಮಿಲಿಮೀಟರ್‌ಗಿಂತ ಅಗಲ ಇದ್ದರಂತೂ ಎಂಜಿನಿಯರ್ ನೋಡುವ ತನಕ ಮುಂಗಡ ಕೊಡಬೇಡಿ.

ನನಗೆ ಆ ಹೊಸ ಪೇಂಟ್ ಮೇಲೇ ಅನುಮಾನ ಜಾಸ್ತಿ. ಒಂದೇ ಗೋಡೆಗೆ ಯಾಕೆ ಹೊಡೆಸಿದಿರಿ ಅಂತ ನೇರವಾಗಿ ಕೇಳಿ. ಅಂಗೈ ಇಟ್ಟು ನೋಡಿ, ತಣ್ಣಗಿದೆಯಾ? ಬೆರಳಿನಿಂದ ತಟ್ಟಿ, ಪೊಳ್ಳು ಸದ್ದು ಬರುತ್ತಾ? ಬುಡದಲ್ಲಿ ಬಿಳಿ ಉಪ್ಪು ಎದ್ದಿದ್ದರೆ ಒಳಗೆ ತೇವ ಇದೆ, ಇಲ್ಲವೇ ಹಿಂದೆ ಇತ್ತು ಅಂತ ಅರ್ಥ. ಆಮೇಲೆ ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ ನೀರಿನ ಮೀಟರ್ ನೋಡಿ. ತೊಟ್ಟಿಗೂ ನೀರು ಹೋಗುತ್ತಿರಬಾರದು. ಆಗಲೂ ಮುಳ್ಳು ತಿರುಗುತ್ತಿದ್ದರೆ ನೀರು ಎಲ್ಲೋ ಸೋರುತ್ತಿದೆ. ಸಾಧ್ಯವಾದರೆ ಮಳೆ ಬಂದ ಮರುದಿನ ಇನ್ನೊಮ್ಮೆ ಹೋಗಿ. ತಾರಸಿಯ ತಪ್ಪುಗಳೆಲ್ಲ ಆಗ ಕಾಣುತ್ತವೆ.

ಪ್ರಶ್ನೆ: ಥ್ಯಾಂಕ್ಸ್ ಸರ್. ಬಿರುಕು ಹತ್ತು ವರ್ಷದಿಂದ ಹಾಗೇ ಇದೆ ಅಂತ ಮನೆ ಮಾರುವವರು ಹೇಳ್ತಾರೆ. ನಂಬಬಹುದಾ?

ಉತ್ತರ: ನಿಜ ಇರಲೂಬಹುದು. ಹಳೆ ಬಿರುಕಿನ ಅಂಚು ಮಾಸಿ, ಒಳಗೆ ಧೂಳು ತುಂಬಿರುತ್ತದೆ. ಹೊಸದರ ಅಂಚು ಚೂಪಾಗಿ, ಸ್ವಚ್ಛವಾಗಿರುತ್ತದೆ. ಹಿಂದೆ ಮುಚ್ಚಿಸಿದ ಗಾರೆ ಮತ್ತೆ ಸೀಳಿದ್ದರೆ ಬಿರುಕು ಇನ್ನೂ ಬೆಳೆಯುತ್ತಿರಬಹುದು. ಸಮಯ ಇದ್ದರೆ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ, ಅಗಲವನ್ನೂ ಗುರುತು ಮಾಡಿ. ಕೆಲವು ತಿಂಗಳ ಮೇಲೆ ಹೋಲಿಸಿ. ಅಷ್ಟು ಕಾಯಲು ಬಿಡದಿದ್ದರೆ ಬರೀ ಮಾತಿನ ಮೇಲೆ ಕೊಳ್ಳಬೇಡಿ.

ಮತ್ತೊಬ್ಬರ ಪ್ರಶ್ನೆ: ಸರ್, ನಾವು ನೋಡಿದ ಮನೆಯಲ್ಲಿ ಪಿಲ್ಲರ್ ಉದ್ದಕ್ಕೂ ನೇರ ಬಿರುಕು, ಕಂದು ಕಲೆ. ಮೇಸ್ತ್ರಿ ಸಿಮೆಂಟ್ ಮೆತ್ತಿದರೆ ಸಾಕು ಅಂದರು.

ಉತ್ತರ: ದಯವಿಟ್ಟು ಮೆತ್ತಿಸಬೇಡಿ. ಒಳಗಿನ ಕಬ್ಬಿಣ ತುಕ್ಕು ಹಿಡಿದಂತಿದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಳ್ಳುತ್ತದೆ, ಅದೇ ಕಾಂಕ್ರೀಟನ್ನು ಒಳಗಿನಿಂದ ತಳ್ಳಿ ಸೀಳುತ್ತದೆ. ಮೇಲೆ ಮುಚ್ಚಿದರೂ ಒಳಗೆ ತುಕ್ಕು ಹಿಡಿಯುತ್ತಲೇ ಇರುತ್ತದೆ. ಇಡೀ ಮನೆಯ ಭಾರ ಹೊತ್ತಿರೋದು ಪಿಲ್ಲರ್ ಅಲ್ವಾ? ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ನೀವೇ ಗೊತ್ತು ಮಾಡಿಕೊಳ್ಳಿ, ಮಾರುವವರು ಕರೆತಂದವರು ಬೇಡ. ಕಬ್ಬಿಣ ಎಷ್ಟು ಸವೆದಿದೆ ಅಂತ ಅವರು ಬರೆದು ಕೊಟ್ಟ ಮೇಲೆ ರೇಟಿನ ಮಾತು ಎತ್ತಿ.