ಕೆರೆ ಅಳೆಯಲು ಉಪಗ್ರಹ ಚಿತ್ರ ಸಾಕಾ, ಸ್ಥಳಕ್ಕೆ ಹೋಗಲೇಬೇಕಾ?

ಹಸಿರುಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನೀರು, ನೆಲದ ವಿಷಯದಲ್ಲಿ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೇನೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಹೊಂದಿಸಿ ವರದಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಮುಖ್ಯವಾಗಿ 6.6.1, ಅಂದರೆ ಕೆರೆ, ನದಿ, ಜೌಗು ಪ್ರದೇಶಗಳ ವಿಸ್ತಾರ ವರ್ಷದಿಂದ ವರ್ಷಕ್ಕೆ ಎಷ್ಟು ಬದಲಾಗಿದೆ ಎಂಬ ಸೂಚಕ.

ನಮ್ಮ ಮೇಲಿನವರು "ಈಗ ಎಲ್ಲ ಉಪಗ್ರಹದಲ್ಲೇ ಸಿಗುತ್ತದೆ ಅಲ್ವಾ, ಸುಮ್ನೆ ಓಡಾಟದ ಖರ್ಚು ಯಾಕೆ, ಕೂತಲ್ಲೇ ಮುಗಿಸಿ" ಅಂತಾರೆ. ಸರಿ ಎಂದು ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಇಳಿಸಿಕೊಂಡು, ಬೆಳಕಿನ ಲೆಕ್ಕದಿಂದ ನೀರನ್ನು ಗುರುತಿಸುವ ಸೂಚ್ಯಂಕ ಹಾಕಿದೆ. ಒಂದು ದೊಡ್ಡ ಕೆರೆ ಅರ್ಧಕ್ಕರ್ಧ ಮಾಯ! ಕೆರೆ ತುಂಬಿದೆ ಎಂದು ನನಗೆ ಚೆನ್ನಾಗಿ ಗೊತ್ತು. ಅಂತರಗಂಗೆ ಎಂಬ ತೇಲುವ ಕಳೆ ಹಬ್ಬಿಕೊಂಡಿದೆ ಅಷ್ಟೆ. ನಕ್ಷೆಯಲ್ಲಿ ಮಾತ್ರ ಆ ಜಾಗ ಹೊಲದ ಬಣ್ಣದಲ್ಲಿದೆ.

ರಾಡಾರ್ ಚಿತ್ರ ಬಳಸಿದರೆ ಇದು ಸರಿಹೋಗುತ್ತದಾ? ಇನ್ನೊಂದು, ಬಡತನ, ವಿದ್ಯುತ್, ಅಂತರ್ಜಲ ಇವನ್ನೂ ಉಪಗ್ರಹದಿಂದಲೇ ಸೇರಿಸಿ ಎನ್ನುತ್ತಿದ್ದಾರೆ. ಯಾವುದನ್ನು ಎಷ್ಟು ನಂಬಬಹುದು?

ಬಾನಾಡಿ

ಯಾಕೆ ಅಷ್ಟು ತಲೆಬಿಸಿ? ಯುರೋಪಿಯನ್ ಒಕ್ಕೂಟದ ಜಂಟಿ ಸಂಶೋಧನಾ ಕೇಂದ್ರ 1984ರಿಂದೀಚಿನ, ಅಮೆರಿಕದ ಉಪಗ್ರಹ ಸರಣಿಯಾದ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನೆಲ್ಲ ಜರಡಿ ಹಿಡಿದು ಇಡೀ ಪ್ರಪಂಚದ ಮೇಲ್ಮೈ ನೀರಿನ ನಕ್ಷೆ ಮಾಡಿಟ್ಟಿದೆ. 6.6.1ಕ್ಕೆ ವಿಶ್ವಸಂಸ್ಥೆಯವರೂ ಅದನ್ನೇ ಬಳಸುತ್ತಾರೆ. ಪುಕ್ಕಟೆ. ಅದನ್ನೇ ಹಾಕಿ, ಮುಗೀತು.

ಮಣ್ಣುಕಾಲು

ಬಾನಾಡಿಯವರು ಹೇಳಿದ ನಕ್ಷೆ ನಿಜಕ್ಕೂ ಒಳ್ಳೆಯದು. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಆದರೆ "ಮುಗೀತು" ಅನ್ನುವುದನ್ನು ಒಪ್ಪಲ್ಲ. ಈ ಚಿತ್ರಗಳ ಜೊತೆ ಹೊಟ್ಟೆಪಾಡು ನಡೆಸುವವನು ನಾನು. ಉಪಗ್ರಹವನ್ನು ಬೈಯಲು ನನಗೇನೂ ಖುಷಿಯಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ನಿಮ್ಮ ಅಂತರಗಂಗೆ. ಉಪಗ್ರಹ ನೀರನ್ನು ಅಳೆಯುವುದಿಲ್ಲ, ಬೆಳಕನ್ನು ಅಳೆಯುತ್ತದೆ. ನೀರು ಇನ್‌ಫ್ರಾರೆಡ್ ಬೆಳಕನ್ನು ನುಂಗಿಬಿಡುತ್ತದೆ, ಆರೋಗ್ಯವಾದ ಎಲೆ ಅದನ್ನೇ ಜೋರಾಗಿ ವಾಪಸ್ ಎಸೆಯುತ್ತದೆ. ನೀವು ಹಾಕಿದ ಸೂಚ್ಯಂಕ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ನೀರಿನ ಮೇಲೆ ಎಲೆ ಕೂತರೆ ಅದು ಎಲೆ ಎಂದೇ ಹೇಳುತ್ತದೆ. ಅದರ ಮಟ್ಟಿಗೆ ಅದು ಸುಳ್ಳು ಹೇಳಿಲ್ಲ, ನಮ್ಮ ಪ್ರಶ್ನೆಯೇ ಬೇರೆ ಇತ್ತು.

ರಾಡಾರ್? ತಾನೇ ರೇಡಿಯೋ ಅಲೆ ಬಿಟ್ಟು, ವಾಪಸ್ ಬಂದದ್ದನ್ನು ಅಳೆಯುವ ಸೆಂಟಿನೆಲ್-1 ಉಪಗ್ರಹ ಮೋಡದ ಮೂಲಕವೂ ನೋಡುತ್ತದೆ, ರಾತ್ರಿಯೂ ನೋಡುತ್ತದೆ. ಮಳೆಗಾಲದಲ್ಲಿ ಅದು ಬಿಟ್ಟರೆ ಗತಿಯಿಲ್ಲ. ಶಾಂತವಾದ ನೀರಿನ ಮೇಲೆ ಅದರ ಅಲೆ ಬಿದ್ದು ಆಚೆ ಜಾರಿಹೋಗುವುದರಿಂದ ನೀರು ಕಪ್ಪಾಗಿ ಕಾಣುತ್ತದೆ. ಆದರೆ ಅಂತರಗಂಗೆಯ ಎಲೆಗಳಿಗೆ ತಾಗಿದ ಅಲೆ ಚದುರಿ ವಾಪಸ್ ಬರುತ್ತದೆ, ಅಲ್ಲೂ ನಿಮ್ಮ ಕೆರೆ ನೆಲದ ಹಾಗೆಯೇ ಕಾಣಬಹುದು. ಗಾಳಿ ಜೋರಾಗಿದ್ದರೆ ಬರೀ ನೀರು ಕೂಡ ಬೆಳ್ಳಗಾಗುತ್ತದೆ. 2025ರ ಜುಲೈ 30ರಂದು ಹಾರಿದ, ಇಸ್ರೋ-ನಾಸಾ ಜಂಟಿ ರಾಡಾರ್ ಉಪಗ್ರಹ ನಿಸಾರ್‌ನ ಉದ್ದ ಅಲೆ, ಸುಮಾರು 24 ಸೆಂಟಿಮೀಟರ್‌ನದು, ಮರಗಳ ಕೆಳಗೆ ನಿಂತ ನೀರನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ನಿಮಗೆ ಬೇಕಾಗಿರುವುದು ಹಿಂದಿನ ವರ್ಷಗಳ ಜೊತೆ ಹೋಲಿಕೆ. ಅದಕ್ಕೆ ಅದು ಸಿಗುವುದಿಲ್ಲ.

ನಾನಾಗಿದ್ದರೆ ಒಂದೇ ದಿನದ ಚಿತ್ರ ನೋಡುವುದಿಲ್ಲ. ಒಂದೇ ಕೆರೆಯ ಕೆಲವು ವರ್ಷಗಳ ಚಿತ್ರ ಜೋಡಿಸಿ ನೋಡಿ. ಒಮ್ಮೆ ನೀರು, ಒಮ್ಮೆ ಎಲೆ, ಮತ್ತೆ ನೀರು ಎಂದು ಬದಲಾಗುವ ಜಾಗ ಹೊಲವಲ್ಲ, ಕಳೆಯೇ ಇರಬೇಕು ಎಂದು ಅನುಮಾನಿಸಬಹುದು. ಆ ಅನುಮಾನವನ್ನು ಖಚಿತ ಮಾಡಲು ಯಾರಾದರೂ ದಡಕ್ಕೆ ಹೋಗಿ ನಿಲ್ಲಲೇಬೇಕು. ಕೆರೆಯ ಅಂಚಿನಲ್ಲಿ ನೀರು ಇಳಿದಾಗ ಬೇಸಾಯ ಮಾಡುವವರೂ ಇರುತ್ತಾರೆ. ಅಲ್ಲೂ ನೀರು, ಹಸಿರು, ನೀರು ಎಂದೇ ಬರುತ್ತದೆ!

ಎರಡನೆಯದು ಗಾತ್ರ. ಲ್ಯಾಂಡ್‌ಸ್ಯಾಟ್‌ನ ಒಂದು ಪಿಕ್ಸೆಲ್ ಎಂದರೆ 30 ಮೀಟರ್. 30 ಮೀಟರ್ ಅಗಲ, ಅಷ್ಟೇ ಉದ್ದದ ಹೊಂಡ ಅದರಲ್ಲಿ ಒಂದೇ ಚುಕ್ಕೆ, ಅದೂ ಸರಿಯಾಗಿ ಕೂತರೆ. ಸೆಂಟಿನೆಲ್-2ರ 10 ಮೀಟರ್‌ನಲ್ಲಿ 9 ಚುಕ್ಕೆ, ಅದರಲ್ಲಿ 8 ಅಂಚಿಗೆ ತಾಗಿದವು. ಅಂಚಿನ ಚುಕ್ಕೆಯಲ್ಲಿ ನೀರು, ಕೆಸರು, ಹುಲ್ಲು ಎಲ್ಲ ಕಲಸಿರುತ್ತದೆ. ಜನರೂ ದನಕರುಗಳೂ ದಿನಾ ಬಳಸುವುದು ಬಹಳ ಕಡೆ ಇಂಥ ಸಣ್ಣ ಹೊಂಡಗಳನ್ನೇ. ಪ್ರಪಂಚದ ನಕ್ಷೆಯಲ್ಲಿ ಅವು ಲೆಕ್ಕಕ್ಕೇ ಬರುವುದಿಲ್ಲ.

ಮೂರನೆಯದು ನನಗೆ ಜಾಸ್ತಿ ಮುಖ್ಯ: ವಿಸ್ತಾರ ಬೇರೆ, ನೀರಿನ ಪ್ರಮಾಣ ಬೇರೆ. ಹೂಳು ತುಂಬಿದ ಕೆರೆ ಮೇಲಿನಿಂದ ಮೊದಲಿನಷ್ಟೇ ಅಗಲ ಕಾಣುತ್ತದೆ, ಒಳಗೆ ನೀರು ಅರ್ಧವೂ ಇಲ್ಲದಿರಬಹುದು. ನೀರಿನ ಮಟ್ಟ ಅಳೆಯಲೆಂದೇ 2022ರ ಡಿಸೆಂಬರ್‌ನಲ್ಲಿ ಸ್ವಾಟ್ ಉಪಗ್ರಹ ಹೋಯಿತು. ಆದರೆ ಅದನ್ನು ರೂಪಿಸಿರುವುದು 250 ಮೀಟರ್ ಉದ್ದಗಲಕ್ಕಿಂತ ದೊಡ್ಡ ಕೆರೆಗಳಿಗೆ, 100 ಮೀಟರ್‌ಗಿಂತ ಅಗಲದ ನದಿಗಳಿಗೆ. ಅದಕ್ಕೂ ತಳ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ.

ಇನ್ನು ಅಂತರ್ಜಲ. ಗ್ರೇಸ್ ಎಂಬ ಜೋಡಿ ಉಪಗ್ರಹಗಳ ಕೆಲಸ ಕೇಳಿದರೆ ನನಗೆ ಈಗಲೂ ಬೆರಗು. ಒಂದರ ಹಿಂದೆ ಒಂದು, ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಸಾಗುತ್ತವೆ. ಕೆಳಗೆ ನೀರಿನ ಭಾರ ಹೆಚ್ಚು ಕಡಿಮೆ ಆದಂತೆ ಗುರುತ್ವ ಬದಲಾಗಿ ಆ ಅಂತರ ಕೂದಲೆಳೆಗಿಂತಲೂ ಕಡಿಮೆ ಬದಲಾಗುತ್ತದೆ. ಅದನ್ನೇ ಅಳೆದು ನೀರಿನ ಲೆಕ್ಕ ಹೇಳುತ್ತವೆ. ಮೊದಲ ಜೋಡಿ 2002ರಿಂದ 2017ರವರೆಗೆ, ಎರಡನೆಯದು 2018ರಿಂದ. ಆದರೆ ಅದು ಹೇಳುವುದು ಮಣ್ಣಿನ ತೇವ, ಕೆರೆ, ಹಿಮ, ಅಂತರ್ಜಲ ಎಲ್ಲ ಸೇರಿದ ಮೊತ್ತ, ಅದೂ ಕೆಲವು ನೂರು ಕಿಲೋಮೀಟರ್ ಹರವಿಗೆ. ಒಂದು ದೊಡ್ಡ ನದಿ ಬಯಲಿನ ಕಥೆ ಹೇಳಬಹುದು. ನಾಲ್ಕಾರು ಕೆರೆಗಳ ವರದಿಯಲ್ಲಿ ಅದನ್ನು ಹಾಕಿದರೆ ಸುಮ್ನೆ ಚಂದಕ್ಕೆ ಅಷ್ಟೇ.

ರಾತ್ರಿಯ ದೀಪ ನೋಡಿ ಬಡತನ ಹೇಳುವ ನಕ್ಷೆಗಳೂ ಇವೆ. ಒಂದು ವಿಷಯ ನೆನಪಿಡಿ: ಅದಕ್ಕೆ ಜಾಸ್ತಿ ಬಳಸುವ, ಉಪಗ್ರಹದಲ್ಲಿ ಕೂತು ರಾತ್ರಿಯ ಬೆಳಕು ಅಳೆಯುವ ವಿಐಐಆರ್‌ಎಸ್ ಉಪಕರಣಕ್ಕೆ ನೀಲಿ ಬೆಳಕು ಕಾಣುವುದಿಲ್ಲ. ಹಳದಿ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದ ನಗರ ಅದರ ಕಣ್ಣಿಗೆ ಮೊದಲಿಗಿಂತ ಮಬ್ಬಾಗಿರುತ್ತದೆ. ತೈಲ ಬಾವಿಯಲ್ಲಿ ಉರಿಯುವ ಅನಿಲ ಮಾತ್ರ ಜಗಜಗ. ಊರು ಬಡವಾಯಿತಾ, ಸಾಹುಕಾರ ಆಯಿತಾ?

ಹಸಿರುಗೆರೆ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಆದರೆ ಇದನ್ನೆಲ್ಲ ಮೇಲಿನವರಿಗೆ ತೋರಿಸಿದರೆ "ಹಾಗಾದರೆ ಉಪಗ್ರಹವೇ ಬೇಡ ಬಿಡಿ" ಎನ್ನುತ್ತಾರೆ. ಅದರಿಂದ ನಿಜವಾಗಿ ಉಪಯೋಗ ಆದ ಒಂದು ಉದಾಹರಣೆ ಕೊಡಿ.

ಮಣ್ಣುಕಾಲು

ಬ್ರೆಜಿಲ್. ಅಲ್ಲಿನ ಬಾಹ್ಯಾಕಾಶ ಸಂಸ್ಥೆ 1988ರಿಂದ ಪ್ರತಿ ವರ್ಷ ಅಮೆಜಾನ್ ಕಾಡು ಎಷ್ಟು ಹೋಯಿತು ಎಂದು ಲೆಕ್ಕ ಇಡುತ್ತಿದೆ. ವರ್ಷದ ಲೆಕ್ಕ ಬರುವಷ್ಟರಲ್ಲಿ ಮರ ಕಡಿದವರು ದನ ಮೇಯಿಸಲು ಶುರು ಮಾಡಿರುತ್ತಿದ್ದರು. ಅದಕ್ಕೇ 2004ರಲ್ಲಿ ಡೆಟರ್ ಎಂಬ ಎಚ್ಚರಿಕೆ ವ್ಯವಸ್ಥೆ ತಂದರು. ಚಿತ್ರ ಒರಟು, ಸುಮಾರು 250 ಮೀಟರ್‌ನದು. ಆದರೆ ಬೇಗ ಬರುತ್ತಿತ್ತು. ಎಲ್ಲಿ ಕಡಿಯುತ್ತಿದ್ದಾರೆ ಎಂಬ ಸುದ್ದಿ ನೇರ ಪರಿಸರ ಜಾರಿ ಅಧಿಕಾರಿಗಳ ಕೈಗೆ ಹೋಗುತ್ತಿತ್ತು. ಅವರಿಗೆ ದಂಡ ಹಾಕುವ, ಯಂತ್ರ ಮುಟ್ಟುಗೋಲು ಹಾಕುವ ಅಧಿಕಾರ ಇತ್ತು. 2004ರಲ್ಲಿ 27,772 ಚದರ ಕಿಲೋಮೀಟರ್ ಇದ್ದ ಕಾಡುನಾಶ 2012ಕ್ಕೆ 4,571ಕ್ಕೆ ಇಳಿಯಿತು. ಹೊಸ ಸಂರಕ್ಷಿತ ಪ್ರದೇಶ, ಸಾಲದ ಮೇಲಿನ ನಿರ್ಬಂಧ ಇಂಥವೂ ಕಾರಣ, ಉಪಗ್ರಹ ಒಂದೇ ಅಲ್ಲ. ಕಡಿಯುವವರೂ ಜಾಣರೇ. ಉಪಗ್ರಹದ ಕಣ್ಣಿಗೆ ಬೀಳದಷ್ಟು ಸಣ್ಣ ಸಣ್ಣ ತುಂಡು ಕಡಿಯುವುದು ಜಾಸ್ತಿಯಾಯಿತು. ಆಮೇಲೆ ಇನ್ನೂ ಸ್ಪಷ್ಟ ಚಿತ್ರಗಳಿಗೆ ಹೋಗಬೇಕಾಯಿತು.

ಇದೇ ಕಥೆಯ ಇನ್ನೊಂದು ಅರ್ಧವನ್ನೂ ನಿಮ್ಮವರಿಗೆ ಹೇಳಿ. 2021ರಲ್ಲಿ ಆ ನಾಶ ಮತ್ತೆ 13 ಸಾವಿರ ಚದರ ಕಿಲೋಮೀಟರ್ ದಾಟಿತು. ಆಗ ಉಪಗ್ರಹ ಮೊದಲಿಗಿಂತ ಚೆನ್ನಾಗಿದ್ದವು. ಎಚ್ಚರಿಕೆಗಳೂ ಬರುತ್ತಲೇ ಇದ್ದವು. ಸಡಿಲವಾಗಿದ್ದು ಜಾರಿ.

ಹಾಗಾಗಿ ನಿಮ್ಮ ವರದಿಗೆ ಮೊದಲು ಕೇಳಬೇಕಾದ್ದು ಯಾವ ಉಪಗ್ರಹ ಎಂದಲ್ಲ. ಕೆರೆ ಕುಗ್ಗಿದೆ ಎಂದು ತೋರಿಸಿದರೆ ಅದನ್ನು ಯಾರು ಓದುತ್ತಾರೆ, ಅವರ ಕೈಯಲ್ಲಿ ಏನಿದೆ? ಅದು ಗೊತ್ತಾದರೆ 10 ಮೀಟರ್ ಸಾಕಾ, ತಿಂಗಳಿಗೊಮ್ಮೆ ಸಾಕಾ ಎಂಬುದು ತಾನೇ ತೀರ್ಮಾನ ಆಗುತ್ತದೆ.

ಅಳತೆಗೋಲು

ಒಂದು ಮಾತು ಸೇರಿಸುತ್ತೇನೆ. ಒಂದೇ ಉಪಗ್ರಹ ನಂಬಿ ಹತ್ತು ವರ್ಷದ ಯೋಜನೆ ಹಾಕಬೇಡಿ. ಲ್ಯಾಂಡ್‌ಸ್ಯಾಟ್-7ರ ಒಂದು ಭಾಗ 2003ರಲ್ಲಿ ಕೆಟ್ಟ ಮೇಲೆ ಪ್ರತಿ ಚಿತ್ರದಲ್ಲೂ ಸುಮಾರು 22 ಶೇಕಡ ಖಾಲಿ ಪಟ್ಟಿಗಳು. ಸೆಂಟಿನೆಲ್-1ಬಿ 2021ರ ಡಿಸೆಂಬರ್‌ನಲ್ಲಿ ನಿಂತುಹೋಯಿತು, ಬದಲಿ ಹಾರಿದ್ದು 2024ರ ಡಿಸೆಂಬರ್‌ನಲ್ಲಿ. ಲ್ಯಾಂಡ್‌ಸ್ಯಾಟ್ ಚಿತ್ರ ಎಲ್ಲರಿಗೂ ಪುಕ್ಕಟೆ ಆಗಿದ್ದೇ 2008ರಲ್ಲಿ. ನಾಳೆ ಯಾರಾದರೂ ಮತ್ತೆ ದುಡ್ಡು ಕೇಳಿದರೆ? ಇಳಿಸಿಕೊಂಡಿದ್ದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಹಸಿರುಗೆರೆ

ಸರಿ ಸರ್. ಸ್ಥಳಕ್ಕೆ ಹೋಗಲು ಸ್ವಲ್ಪ ಹಣ ಕೇಳುತ್ತೇನೆ. ಎಲ್ಲ ಕೆರೆಗೂ ಹೋಗಲು ಆಗಲ್ಲ. ಎಷ್ಟು ಕಡೆ ನೋಡಿದರೆ ಸಾಕು?

ಮಣ್ಣುಕಾಲು

ನೀರು, ಕಳೆ, ಕೆಸರು, ಬೇಸಾಯ ಹೀಗೆ ನಕ್ಷೆಯನ್ನು ವರ್ಗ ಮಾಡಿ. ವರ್ಗಕ್ಕೆ ಕನಿಷ್ಠ 50 ಬಿಂದು ಎಂಬುದು ಈ ಕೆಲಸದಲ್ಲಿರುವವರ ರೂಢಿ. ಬಿಂದುಗಳನ್ನು ಕಂಪ್ಯೂಟರ್‌ಗೇ ಆರಿಸಲು ಬಿಡಿ. ನೀವು ಆರಿಸಿದರೆ ಎಲ್ಲವೂ ರಸ್ತೆ ಪಕ್ಕದವೇ ಆಗುತ್ತವೆ. ಚಿತ್ರ ತೆಗೆದ ದಿನಕ್ಕೆ ಆದಷ್ಟು ಹತ್ತಿರದ ದಿನ ಹೋಗಿ, ಫೋನಿನಲ್ಲಿ ಜಾಗದ ಗುರುತು ಸಮೇತ ಫೋಟೋ ತೆಗೆದುಕೊಳ್ಳಿ. ನೀರು, ಕಳೆ ಎರಡರ ನಡುವೆ ಅನುಮಾನ ಬಂದ ಕಡೆ ದಡದಲ್ಲಿರುವವರನ್ನು ಕೇಳಿ, ಯಾವ ತಿಂಗಳಲ್ಲಿ ಹಬ್ಬುತ್ತದೆ, ಯಾವಾಗ ತೆಗೆಸುತ್ತಾರೆ ಎಂದು. ಕಳೆ ಮುಚ್ಚಿದ ವಿಸ್ತಾರವನ್ನು ಕೋಷ್ಟಕದಲ್ಲಿ ಬೇರೆ ಕಾಲಮ್‌ನಲ್ಲೇ ತೋರಿಸಿ, ನೀರಿಗೆ ಸೇರಿಸಲೂ ಬೇಡಿ, ನೆಲಕ್ಕೆ ಸೇರಿಸಲೂ ಬೇಡಿ.