ಹಿಂದೆ ಉಬ್ಬಿದ ಲಂಗ, ಮುಂದೆ ತಿರುಗದ ಚಕ್ರ

ಆಗಸ್ಟ್ ಕೊನೆಗೆ ನಾಟಿಂಗ್‌ಹ್ಯಾಮ್‌ನಿಂದ ಲಿಂಕನ್‌ಗೆ ಹೋಗೋದು ಅಂತ ಅಕ್ಕನ ಮನೆಯಲ್ಲಿ ತೀರ್ಮಾನ ಆಯಿತು. ಇಂಗ್ಲೆಂಡಿನ ಆ ಊರಲ್ಲಿ 2009ರಿಂದ ಸ್ಟೀಮ್‌ಪಂಕ್ ಜಾತ್ರೆ ನಡೆಯುತ್ತದೆ. ವಿಕ್ಟೋರಿಯಾ ರಾಣಿ ಕಾಲದ ಬಟ್ಟೆ, ಅದರ ಜೊತೆಗೆ ಆ ಕಾಲದಲ್ಲಿ ಇಲ್ಲದ, ಇದ್ದಿದ್ದರೆ ಮಜವಾಗಿರುತ್ತಿದ್ದ ಹಬೆ ಯಂತ್ರಗಳು, ಇವನ್ನೆಲ್ಲ ಹೇರಿಕೊಂಡು ಜನ ಬೀದಿಯಲ್ಲಿ ಮೆರವಣಿಗೆ ಹೋಗುತ್ತಾರೆ. ಜಾತ್ರೆಯ ಹೆಸರೇ ‘ಅಸೈಲಮ್’. ಹಿಂದೆ ಮಾನಸಿಕ ಆಸ್ಪತ್ರೆಯಾಗಿದ್ದ ಕಟ್ಟಡದಲ್ಲಿ ಶುರುವಾದದ್ದಂತೆ.

“ಸರಿಯಾದ ಜಾಗಕ್ಕೇ ಹೊರಟಿದ್ದೀರಿ ಬಿಡಿ,” ಅಂದರು ಭಾವ.

ನಮ್ಮ ಗುಂಪಿನ ಇಂಜಿನಿಯರ್ ಆಗಲೇ ಹಳೇ ಗಡಿಯಾರ ಬಿಚ್ಚಿ ಕೂತಿದ್ದ. ಹಲ್ಲುಚಕ್ರಗಳನ್ನು ಟೋಪಿಗೆ ಅಂಟಿಸಿದರೆ ವೇಷ ಮುಗೀತು ಅನ್ನೋದು ಅವನ ಲೆಕ್ಕ.

“ಆ ಚಕ್ರ ಏನು ಮಾಡತ್ತೆ?” ಅಂತ ಅಕ್ಕ ಕೇಳಿದಳು.

“ಏನೂ ಮಾಡಲ್ಲ ಅಕ್ಕಾ, ಚೆನ್ನಾಗಿ ಕಾಣತ್ತೆ.”

“ಏನೂ ಮಾಡದೆ ಚೆನ್ನಾಗಿ ಕಾಣೋಕೆ ನಿಮ್ಮ ಭಾವ ಇದ್ದಾರಲ್ಲೋ!”

ಭಾವ ಮೊದಲರ್ಧ ಕಿವಿಗೆ ಹಾಕಿಕೊಳ್ಳಲಿಲ್ಲ. ಉಳಿದರ್ಧಕ್ಕೆ ಕೂದಲು ಸರಿಮಾಡಿಕೊಂಡರು.

ನಾನಂತೂ ಅಕ್ಕನ ಕಡೆ. ಮೇಲೆ ಅಂಟಿಸೋದು ಯಾರಿಗೆ ಬರಲ್ಲ ಹೇಳಿ? ಈ ಬಟ್ಟೆಯ ಕಸುಬೆಲ್ಲ ಒಳಗಡೆ ಇರೋದು. ಮೊದಲು ಕಾರ್ಸೆಟ್, ಅಂದ್ರೆ ಸೊಂಟ ಬಿಗಿಯೋ ಒಳಉಡುಪು ಹೊಲಿಯಬೇಕು, ಅದನ್ನು ಬಿಗಿದುಕೊಂಡ ಮೇಲೆ ರವಿಕೆಯ ಅಳತೆ ತೆಗೀಬೇಕು, ಉಲ್ಟಾ ಮಾಡಿದರೆ ರವಿಕೆ ಚೀಲದ ಹಾಗೆ ಜೋಲುತ್ತದೆ. ಆಗೆಲ್ಲ ಕಾರ್ಸೆಟ್ಟಿಗೆ ತಿಮಿಂಗಿಲದ ‘ಮೂಳೆ’ ಹಾಕುತ್ತಿದ್ದರು. ಅದು ಮೂಳೆಯೇ ಅಲ್ಲ, ತಿಮಿಂಗಿಲದ ಬಾಯೊಳಗಿನ ಜರಡಿಯಂಥ ಪಟ್ಟಿ, ನಮ್ಮ ಉಗುರಿನ ಜಾತಿಯದ್ದು. ಅಕ್ಕ ಹಾಕುವುದು ದಪ್ಪ ಕೇಬಲ್ ಟೈ, ವೈರುಗಳನ್ನು ಕಟ್ಟೋ ಪ್ಲಾಸ್ಟಿಕ್ಕಿನದ್ದು. ತಲೆ ಕತ್ತರಿಸಿ, ತುದಿಯನ್ನು ದೀಪಕ್ಕೆ ಹಿಡಿದು ದುಂಡಗೆ ಮಾಡಿ, ಕಾರ್ಸೆಟ್ಟಿನ ಪಟ್ಟಿಯೊಳಗೆ ತೂರಿಸುತ್ತಾಳೆ. ದುಂಡಗೆ ಮಾಡದಿದ್ದರೆ ಕೂತಾಗೆಲ್ಲ ಪಕ್ಕೆಗೆ ಚುಚ್ಚುತ್ತದೆ.

ಆಮೇಲೆ ಬಸಲ್. ಅಂದ್ರೆ ಸೊಂಟದ ಹಿಂದೆ ಕಟ್ಟುವ ಪಂಜರ. 1856ರ ಹೊತ್ತಿಗೆ ಉಕ್ಕಿನ ಬಳೆಗಳ ದುಂಡು ಪಂಜರ ಬಂದಿತ್ತು, 1870ರ ಸುಮಾರಿಗೆ ಉಬ್ಬೆಲ್ಲ ಹಿಂದಕ್ಕೆ ಸರಿಯಿತು, 1880ರ ದಶಕದಲ್ಲಂತೂ ಹಿಂದೆ ಒಂದು ಶೆಲ್ಫೇ ಎದ್ದು ನಿಂತಿತು.

“ಸರಿ, ಇದನ್ನು ಕಟ್ಟಿಕೊಂಡು ರೈಲಲ್ಲಿ ಕೂರೋದು ಹೇಗೆ?” ಭಾವನಿಂದ ಇಂಥ ಒಳ್ಳೇ ಪ್ರಶ್ನೆ ಬರೋದು ಅಪರೂಪ.

“ಕೂತರೆ ಮಡಚಿಕೊಳ್ಳೋದು, ಎದ್ದರೆ ಬಿಚ್ಚಿಕೊಳ್ಳೋದು ಆಗಲೇ ಇತ್ತು ಕಣ್ರೀ,” ಅಂದಳು ಅಕ್ಕ. ಇಂಜಿನಿಯರ್ ಗಡಿಯಾರ ಬದಿಗಿಟ್ಟು ಹತ್ತಿರ ಬಂದ.

ಬಟ್ಟೆಗೆ ಲೆಸ್ಟರ್‌ನ ಬೆಲ್‌ಗ್ರೇವ್ ರೋಡಿಗೆ ಹೋಗೋಣ, ಅಲ್ಲಿ ಸೀರೆ ಅಂಗಡಿಗಳ ಸಾಲೇ ಇದೆ ಅಂದೆ. ಅಕ್ಕ ಬೀರುವಿನಿಂದ ಹಳೇ ಸೀರೆಯೊಂದನ್ನು ತೆಗೆದು, ಕತ್ತರಿ ಮುಟ್ಟಿದರೆ ಜೋಕೆ ಅಂತ ಮೊದಲೇ ಗದರಿದಳು. ಕತ್ತರಿಸದೇ ಆಗತ್ತೆ. ಲಂಗದ ಒಳಗೆ ಲಾಡಿಗಳನ್ನು ಹೊಲಿದು ಹಿಂದಕ್ಕೆ ಎಳೆದು ಕಟ್ಟಿದರೆ ಬಟ್ಟೆ ತಾನೇ ಉಬ್ಬಿ ಮಡಿಕೆ ಮಡಿಕೆಯಾಗಿ ಇಳಿಯುತ್ತದೆ. ವಿಕ್ಟೋರಿಯಾ ಕಾಲದವರು ಮಾಡಿದ್ದೂ ಅದೇ. ಅಷ್ಟೇ ಅಲ್ಲ, ಲಂಗದ ಅಂಚಿನ ಒಳಗಡೆ ಬಿಚ್ಚಿ ಒಗೆಯೋ ಹಾಗೆ ಒಂದು ನೆರಿಗೆ ಪಟ್ಟಿ ಕೂರಿಸುತ್ತಿದ್ದರು. ಬೀದಿ ಧೂಳು ಅದಕ್ಕೆ ಮೆತ್ತಲಿ, ರೇಷ್ಮೆ ಉಳೀಲಿ ಅಂತ.

“ಅಯ್ಯೋ, ಇದು ನಮ್ಮ ಸೀರೆಯ ಫಾಲ್ ಅಲ್ವಾ!” ಅಂತ ಅಕ್ಕ ಆ ಕ್ಷಣದಿಂದ ಇಂಗ್ಲೆಂಡಿನ ರಾಣಿಯನ್ನು ನೆಂಟರ ಪಟ್ಟಿಗೆ ಸೇರಿಸಿಕೊಂಡಳು.

ಉಳಿದದ್ದು ಗಂಡಸರ ವೇಷ. ಟೈಲ್ ಕೋಟು, ವೇಸ್ಟ್‌ಕೋಟು, ಉದ್ದ ಟೋಪಿ, ಎಲ್ಲರದ್ದೂ ಅದೇ. “ನೀನು ವಿಶ್ವೇಶ್ವರಯ್ಯನವರ ಹಾಗೆ ಕೋಟು, ಮೈಸೂರು ಪೇಟ ಹಾಕೋ,” ಅಂದೆ ಇಂಜಿನಿಯರ್‌ಗೆ. ವಿಶ್ವೇಶ್ವರಯ್ಯನವರು ಓದು ಮುಗಿಸಿ ಕೆಲಸಕ್ಕೆ ಸೇರಿದ್ದು ಆ ರಾಣಿಯ ಕಾಲದಲ್ಲೇ. 1903ರಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿಗೆ, ನೀರು ಏರಿದರೆ ತಾವಾಗಿ ತೆರೆದುಕೊಳ್ಳುವ ಗೇಟು ಹಾಕಿಸಿದವರು. ಅಂಟಿಸಿದ ಚಕ್ರ ಅಲ್ಲ ಮಾರಾಯಾ, ಕೆಲಸ ಮಾಡೋ ಯಂತ್ರ!

ಅವನ ಮುಖ ಅರಳಿತು. “ಪೇಟದ ಮೇಲೆ ಗಾಗಲ್ಸ್ ಅಂಟಿಸಲಾ?”

“ಜರಿ ಪೇಟಕ್ಕೆ ಅಂಟು ತಾಗಿಸಿದರೆ ಕೈ ಮುರೀತೀನಿ. ಎಲಾಸ್ಟಿಕ್ ಕೊಡ್ತೀನಿ, ಕಟ್ಕೋ,” ಅಂದಳು ಅಕ್ಕ.

ಭಾವನಿಗೆ ಈ ಯಾವ ತಾಪತ್ರಯವೂ ಬೇಡ. ಅವರ ಕಣ್ಣು ಅಲ್ಲಿನ ಚಹಾ ಪಂದ್ಯದ ಮೇಲೆ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಎತ್ತಿ, ಮುರಿದು ಬೀಳೋ ಮೊದಲು ಬಾಯಿಗೆ ಹಾಕಿಕೊಳ್ಳಬೇಕು, ಎದುರಾಳಿಗಿಂತ ತಡವಾಗಿ ತಿಂದವರೇ ಗೆದ್ದಂತೆ. “ಇದನ್ನು ನಾನು ಮೂರನೇ ಕ್ಲಾಸಿನಿಂದ ಅಭ್ಯಾಸ ಮಾಡ್ತಾ ಬಂದಿದ್ದೀನಿ. ನಂಗೊಂದು ಬಿಳೀ ವೇಸ್ಟ್‌ಕೋಟ್ ಹೊಲಿದುಬಿಡೇ, ಸಾಕು.”

ಅಕ್ಕ ಅವರ ಅಂಗಿಯ ಎದೆಭಾಗವನ್ನೊಮ್ಮೆ ನೋಡಿದಳು.

“ಬಿಳಿ ಬೇಡ ಕಣ್ರೀ,” ಅಂದಳು, “ಚಹಾ ಬಣ್ಣದ್ದೇ ಹೊಲೀತೀನಿ.”