ಫೈರ್‌ಫಾಕ್ಸ್‌ ಟ್ಯಾಬ್‌ನಲ್ಲೇ ಎಸ್‌ಎಸ್‌ಎಚ್ ಟರ್ಮಿನಲ್: ಮೂಲ ಕೋಡ್‌ಗೆ ಸೇರಿಸುವುದೋ, ಎಕ್ಸ್‌ಟೆನ್ಷನ್ ಬರೆಯುವುದೋ?

ಪ್ರಶ್ನೆ:
ಹತ್ತಾರು ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಅವುಗಳ ಸ್ಥಿತಿಗತಿಯನ್ನು ತೋರಿಸುವ ಪುಟಗಳೆಲ್ಲ ಬ್ರೌಸರ್‌ನಲ್ಲಿವೆ, ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಮಾತ್ರ ಹೊರಗಿದೆ. ಪುಟದಲ್ಲಿರುವ ಎಸ್‌ಎಸ್‌ಎಚ್ (ದೂರದ ಗಣಕಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಕೊಂಡಿಯನ್ನು ಒತ್ತಿದೊಡನೆ ಹೊಸ ಟ್ಯಾಬ್‌ನಲ್ಲೇ ಟರ್ಮಿನಲ್ ತೆರೆದುಕೊಳ್ಳುವಂತೆ ಮಾಡಬೇಕೆಂದು ಫೈರ್‌ಫಾಕ್ಸ್‌ನ ಮೂಲ ಕೋಡನ್ನು ಇಳಿಸಿಕೊಂಡು ಕಂಪೈಲ್ ಮಾಡಿದ್ದೇನೆ. ಎಸ್‌ಎಸ್‌ಎಚ್ ಕ್ಲೈಂಟನ್ನೂ ಟರ್ಮಿನಲ್ ಪರದೆಯನ್ನು ಅನುಕರಿಸುವ ಎಮ್ಯುಲೇಟರನ್ನೂ ಅದರೊಳಗೇ ಸೇರಿಸುವುದು ಸೂಕ್ತವೇ? ಪರೀಕ್ಷೆಗೆಂದು ಪುಟವೊಂದರಿಂದ ವೆಬ್‌ಸಾಕೆಟ್ (ಪುಟ ಮತ್ತು ಸರ್ವರ್ ನಡುವಿನ ನಿರಂತರ ಸಂಪರ್ಕದ ವಿಧಾನ) ಮೂಲಕ ನೇರವಾಗಿ ಎಸ್‌ಎಸ್‌ಎಚ್‌ನ 22ನೇ ಪೋರ್ಟ್‌ಗೆ ಹೋಗಲು ನೋಡಿದಾಗ, ಸಂಪರ್ಕ ಆರಂಭವಾಗುವ ಮೊದಲೇ ದೋಷ ಬಂದಿತು.

ಉತ್ತರ 1:
ಆ ದೋಷಕ್ಕೆ ನಿಮ್ಮ ಕೋಡ್ ಕಾರಣವಲ್ಲ. ಕಿಡಿಗೇಡಿ ಪುಟವೊಂದು ನಿಮ್ಮ ಬ್ರೌಸರನ್ನೇ ಬಳಸಿಕೊಂಡು ಇತರ ಸೇವೆಗಳಿಗೆ ಏನನ್ನಾದರೂ ಕಳುಹಿಸದಿರಲೆಂದು 22, 23, 25 ಮುಂತಾದ ಪೋರ್ಟ್‌ಗಳನ್ನು ಬ್ರೌಸರ್‌ಗಳು ಮುಚ್ಚಿಟ್ಟಿವೆ. ಮುಚ್ಚಿರದಿದ್ದರೂ ಪ್ರಯೋಜನವಿರಲಿಲ್ಲ, ವೆಬ್‌ಸಾಕೆಟ್ ಮೊದಲು ಎಚ್‌ಟಿಟಿಪಿಯಲ್ಲಿ ಮಾತು ಆರಂಭಿಸುತ್ತದೆ, ಎಸ್‌ಎಸ್‌ಎಚ್ ಸರ್ವರ್‌ಗೆ ಆ ಭಾಷೆ ತಿಳಿಯದು.

ಮೂಲ ಕೋಡ್‌ಗೆ ಕೈಹಾಕಬೇಡಿ ಎಂಬುದು ನನ್ನ ಸಲಹೆ. ಕೆಲವೇ ವಾರಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ, ಪ್ರತಿ ಸಲವೂ ನಿಮ್ಮ ಬದಲಾವಣೆಗಳ ಪ್ಯಾಚನ್ನು ಅದಕ್ಕೆ ಹೊಂದಿಸುತ್ತ ಕೂರಬೇಕಾಗುತ್ತದೆ. 2017ರ ನವೆಂಬರ್‌ನಲ್ಲಿ 57ನೇ ಆವೃತ್ತಿ ಬರುವವರೆಗೆ ಎಕ್ಸ್‌ಟೆನ್ಷನ್‌ಗಳೇ ಸಾಕೆಟ್, ಅಂದರೆ ನೇರ ಜಾಲಸಂಪರ್ಕ, ತೆರೆಯಬಹುದಿತ್ತು, ಈಗ ಆ ದಾರಿ ಮುಚ್ಚಿದೆ. ಉಳಿದಿರುವುದು ನೇಟಿವ್ ಮೆಸೇಜಿಂಗ್: ಗಣಕದಲ್ಲಿ ಈಗಾಗಲೇ ಇರುವ ಓಪನ್‌ಎಸ್‌ಎಸ್‌ಎಚ್ ಅನ್ನು ಹುಸಿ ಟರ್ಮಿನಲ್‌ನಲ್ಲಿ (ಪ್ರೋಗ್ರಾಮ್‌ಗಳಿಗೆ ನಿಜ ಟರ್ಮಿನಲ್‌ನಂತೆಯೇ ಕಾಣುವಂಥದ್ದು) ಓಡಿಸುವ ಪುಟ್ಟ ಪ್ರೋಗ್ರಾಮ್ ಒಂದನ್ನು ಬರೆದು, ಅದರೊಂದಿಗೆ ಎಕ್ಸ್‌ಟೆನ್ಷನ್ ಜೇಸನ್ ಎಂಬ ಪಠ್ಯರೂಪದಲ್ಲಿ ಮಾತನಾಡುವಂತೆ ಮಾಡಬೇಕು. ಪ್ರೋಗ್ರಾಮ್‌ನಿಂದ ಬ್ರೌಸರ್‌ಗೆ ಹೋಗುವ ಒಂದು ಸಂದೇಶ 1 ಎಂಬಿ ಮೀರುವಂತಿಲ್ಲ. ನಿಮ್ಮ ಖಾಸಗಿ ಕೀಲಿ ಬ್ರೌಸರ್‌ನ ಕೈಗೆ ಸಿಗುವುದೇ ಇಲ್ಲ ಎಂಬುದು ಇದರ ದೊಡ್ಡ ಲಾಭ.

ಒಂದು ಎಚ್ಚರಿಕೆ. ಎಸ್‌ಎಸ್‌ಎಚ್ ಕೊಂಡಿಯನ್ನು ಯಾವ ಪುಟ ಬೇಕಾದರೂ ಇಡಬಹುದು. ಅಡ್ಡಗೆರೆಯಿಂದ (-) ಆರಂಭವಾಗುವ ಹೋಸ್ಟ್ ಹೆಸರನ್ನು ಹಾಗೆಯೇ ದಾಟಿಸಿದರೆ ಕ್ಲೈಂಟ್ ಅದನ್ನು ಆಯ್ಕೆಯೆಂದು ತಿಳಿದು, ಪ್ರಾಕ್ಸಿಕಮಾಂಡ್ ಎಂಬ ಆಯ್ಕೆಯ ಮೂಲಕ ನಿಮ್ಮ ಗಣಕದಲ್ಲೇ ಆಜ್ಞೆ ಓಡಿಸಿಬಿಡಬಹುದು. ಅಂಥ ಹೆಸರುಗಳನ್ನು ತಿರಸ್ಕರಿಸಿ, ಉಳಿದವುಗಳಿಗೂ ಬಳಕೆದಾರರ ಒಪ್ಪಿಗೆ ಕೇಳಿ.

ಉತ್ತರ 2:
ಮೇಲಿನವರ ಮಾತು ಸರಿ. ಆದರೆ ಕಷ್ಟವಿರುವುದು ಸಂಪರ್ಕದಲ್ಲಲ್ಲ, ಎಮ್ಯುಲೇಶನ್‌ನಲ್ಲಿ. 1978ರ ವಿಟಿ100 ಟರ್ಮಿನಲ್‌ನ ಎಸ್ಕೇಪ್ ಸೀಕ್ವೆನ್ಸ್‌ಗಳ (ಪರದೆಯನ್ನು ನಿಯಂತ್ರಿಸುವ ಸಂಕೇತಗಳ) ಮೇಲೆ ದಶಕಗಟ್ಟಲೆ ಪದರ ಪದರವಾಗಿ ಬೆಳೆದಿರುವ ಈ ವ್ಯವಸ್ಥೆಯನ್ನು ಮೊದಲಿನಿಂದ ಬರೆಯಲು ಹೊರಟರೆ ವರ್ಷ ಸಾಲದು. ವಿಎಸ್ ಕೋಡ್ ಎಡಿಟರ್ ಬಳಸುವ ಸಿದ್ಧ ಎಮ್ಯುಲೇಟರ್ ಎಕ್ಸ್‌ಟರ್ಮ್.ಜೆಎಸ್ ಅನ್ನೇ ತೆಗೆದುಕೊಳ್ಳಿ.

ಕನ್ನಡ ಅಕ್ಷರಗಳಿರುವ ಕಡತವನ್ನು ತೆರೆದು ನೋಡಿ, ಮೊದಲ ದೋಷ ಅಲ್ಲೇ ಕಾಣುತ್ತದೆ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ‘ಕ್ಷ’ ಎಂಬುದು ಮೂರು ಸಂಕೇತ, ಒಂಬತ್ತು ಬೈಟ್. ತುಣುಕು ತುಣುಕಾಗಿ ಬರುವ ದತ್ತಾಂಶ ಐದನೇ ಬೈಟ್‌ನಲ್ಲಿ ತುಂಡಾದರೆ, ಪ್ರತಿ ತುಣುಕನ್ನೂ ಪ್ರತ್ಯೇಕವಾಗಿ ಅಕ್ಷರಕ್ಕೆ ತಿರುಗಿಸುವ ಕೋಡ್ ಅಲ್ಲಿ ಪ್ರಶ್ನಾರ್ಥಕ ಚಿಹ್ನೆಯ ವಜ್ರವನ್ನು ಮೂಡಿಸುತ್ತದೆ. ಆದ್ದರಿಂದ ಬೈಟ್‌ಗಳನ್ನು ಬೇಸ್64 (ಬೈಟ್‌ಗಳನ್ನು ಸರಳ ಅಕ್ಷರಗಳಲ್ಲಿ ಬರೆಯುವ ಕ್ರಮ) ಮಾಡಿ ಕಳುಹಿಸಿ, ಅಕ್ಷರಕ್ಕೆ ತಿರುಗಿಸುವ ಕೆಲಸವನ್ನು ಎಮ್ಯುಲೇಟರ್‌ಗೇ ಬಿಡಿ. ಇಷ್ಟಾದರೂ ಚೌಕಚೌಕದ ಪರದೆಯಲ್ಲಿ ಒತ್ತಕ್ಷರಗಳು ಅಂದವಾಗಿ ಕೂರುತ್ತವೆಂದು ನಾನು ಭರವಸೆ ಕೊಡಲಾರೆ.

ಇನ್ನೊಂದು ಕೀಲಿಮಣೆಯ ವಿಷಯ. ಶೆಲ್‌ನಲ್ಲಿ ಒಂದು ಪದ ಅಳಿಸಲು ಕಂಟ್ರೋಲ್-ಡಬ್ಲ್ಯೂ ಒತ್ತುವುದು ನನಗೆ ಅಭ್ಯಾಸ. ಬ್ರೌಸರ್‌ಗೆ ಅದು ಟ್ಯಾಬ್ ಮುಚ್ಚುವ ಆಜ್ಞೆ. ದೀರ್ಘವಾದ ಆಜ್ಞೆಯೊಂದನ್ನು ಟೈಪ್ ಮಾಡುತ್ತಿದ್ದಾಗ ಟ್ಯಾಬೇ ಮಾಯವಾದ ಮೇಲೆ, ಪ್ರತಿ ಸೆಷನ್ನನ್ನೂ ಟ್ಯಾಬ್ ಮುಚ್ಚಿದರೂ ಸೆಷನ್ನನ್ನು ಉಳಿಸುವ ಟಿಮಕ್ಸ್‌ನೊಳಗೆ ತೆರೆಯಲು ಕಲಿತೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪ್ಯಾಚನ್ನು ಬದಿಗಿಟ್ಟು ಎಕ್ಸ್‌ಟೆನ್ಷನ್ ಬರೆದೆ, ಲಾಗಿನ್ ಆಗುತ್ತಿದೆ. ಆದರೆ ಟ್ಯಾಬ್ ಎಷ್ಟೇ ದೊಡ್ಡದಿದ್ದರೂ ವಿಮ್ ಎಡಿಟರ್ ಮಾತ್ರ 80 ಕಾಲಂ, 24 ಸಾಲುಗಳ ಮೂಲೆಯೊಂದರಲ್ಲೇ ಕೂರುತ್ತಿದೆ.

ಉತ್ತರ 2:
ಪರದೆಯ ಅಳತೆ ಬದಲಾದದ್ದು ಎಮ್ಯುಲೇಟರ್‌ಗೆ ತಿಳಿದಿದೆ, ಹುಸಿ ಟರ್ಮಿನಲ್‌ಗೆ ಯಾರೂ ಹೇಳಿಲ್ಲ. ಎಕ್ಸ್‌ಟರ್ಮ್.ಜೆಎಸ್‌ನ ರೀಸೈಜ್ ಘಟನೆ ಬಂದಾಗಲೆಲ್ಲ ಸಾಲು ಮತ್ತು ಕಾಲಂಗಳ ಸಂಖ್ಯೆಯನ್ನು ನಿಮ್ಮ ಪ್ರೋಗ್ರಾಮ್‌ಗೆ ಬೇರೆಯೇ ಸಂದೇಶವಾಗಿ ಕಳುಹಿಸಿ, ಅಲ್ಲಿ ಹುಸಿ ಟರ್ಮಿನಲ್‌ನ ಅಳತೆಯನ್ನು ಬದಲಿಸಿ. ಎಸ್‌ಎಸ್‌ಎಚ್ ಅದನ್ನು ತಾನಾಗಿಯೇ ಸರ್ವರ್‌ಗೆ ತಿಳಿಸುತ್ತದೆ.